ಹಗಲು ಹೆಣ್ಣು, ರಾತ್ರಿ ಗಂಡು

"ಲೇ ಬಸ್ಯಾ, ಸೆರಗ ಆಮ್ಯಾಲ ಸರಿಮಾಡ್ಕೊ. ಮೊದ್ಲ ಹೇಳು, ನಿನ್ನ ಯಾವ ದೊಡ್ಡ್ಯಾಗ ಕೂಡಿ ಹಾಕ್ಲಿ, ಹೋರಿದೋ ಆಕಳದೋ?"

ಕೇಳಿದವನು ಜೈಲಿನ ವಾರ್ಡರ್ ವೀರಪ್ಪ. ಎದುರಿಗೆ ನಿಂತವಳ ಕೈಯಲ್ಲಿ ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಕಾರ್ಡಿತ್ತು: ಹೆಸರು ಶಿವರಂಜನಿ, ಲಿಂಗ ಹೆಣ್ಣು. ವೀರಪ್ಪನ ಕಣ್ಣಿಗೆ ಬಿದ್ದಿದ್ದು ಪೊಲೀಸರ ಕಾಗದದಲ್ಲಿದ್ದ 'ಬಸವರಾಜ' ಮಾತ್ರ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸೊಂಟ ಹಿಂಡಿದವನ ಕೆನ್ನೆಗೆ ಬಾರಿಸಿದ್ದಕ್ಕೆ ಅವಳು ಒಳಗೆ ಬಂದಿದ್ದಳು. ಹಿಂಡಿದವನು ಮನೆಯಲ್ಲಿ ಉಂಡು ಮಲಗಿದ್ದ.

ಟ್ರಾನ್ಸ್‌ಜೆಂಡರ್ ಕೈದಿಗಳಿಗೆ ಬೇರೆ ಕೋಣೆ ಕೊಡಬೇಕೆಂದು ಸುತ್ತೋಲೆ ಬಂದಿತ್ತು. ಕೋಣೆಯೂ ಇತ್ತು, ಅದರಲ್ಲಿ ಜೈಲರ್ ಅನಂತಮೂರ್ತಿಯವರ ಸ್ಕೂಟರ್ ನಿಲ್ಲುತ್ತಿತ್ತು. ಅವರು ತಲೆ ಕೆರೆದುಕೊಂಡು ಉಪಾಯ ಹುಡುಕಿದರು. ಹಗಲು ಹೆಂಗಸರ ಕಡೆ ಕೂತು ಅಕ್ಕಿ ಆರಿಸಲಿ, ಕಸ ಹೊಡೆಯಲಿ. ಸಂಜೆ ಆರಕ್ಕೆ ಬೀಗ ಹಾಕುವಾಗ ಗಂಡಸರ ಕೋಣೆಗೆ ಹೋಗಲಿ. ಎರಡೂ ಕಡೆಗೆ ನ್ಯಾಯ ಒದಗಿಸಿದೆನೆಂದು ಅವರಿಗೆ ಹೆಮ್ಮೆಯೇ ಆಯಿತು.

ಗಂಡಸರ ಕೋಣೆಯಲ್ಲಿ ಇಪ್ಪತ್ತೆರಡು ಜನ. ಬೆಳಿಗ್ಗೆಯಿಂದಲೇ ಸರಳಿಗೆ ಮುಖ ಒತ್ತಿಕೊಂಡು, ಅವಳು ಯಾರ ಪಕ್ಕ ಮಲಗಬೇಕೆಂದು ಕಚ್ಚಾಡುತ್ತಿದ್ದರು. ಬಸ್‌ಸ್ಟ್ಯಾಂಡಿನ ಗಟ್ಟಿಗಿತ್ತಿ ಶಿವರಂಜನಿಗೆ ಇವತ್ತು ನಿಜವಾಗಿ ಹೆದರಿಕೆಯಾಗಿತ್ತು. ಮೊರದಲ್ಲಿ ಕಲ್ಲು ಉಳಿಸಿ ಅಕ್ಕಿಯನ್ನೇ ಆರಿಸಿ ಎಸೆಯುತ್ತಿದ್ದಳು.

ಐದಕ್ಕೆ ವೀರಪ್ಪ ಬಂದು ಎದುರಿಗೆ ಕುಕ್ಕರಿಸಿದ. ಅವಳು ಮುತ್ತು ಕಟ್ಟಿಸಿಕೊಂಡು ಎಲ್ಲಮ್ಮ ದೇವಿಗೆ ಮೀಸಲಾದ ಜೋಗಮ್ಮ. ತಪಾಸಣೆಯ ಹೊತ್ತಿಗೆ ದೇವಿಯ ಅರಿಶಿನ ತುಂಬಿದ ಅವಳ ಭಂಡಾರದ ಚೀಲ ಮುಟ್ಟಲು ಹೆದರಿದವನೂ ಇವನೇ. ಈಗ ಟೊಪ್ಪಿಗೆ ತೆಗೆದು ಹಣೆ ಒಡ್ಡಿದ.

"ಯವ್ವಾ, ಮಗಳು ಹೆರಿಗಿಗೆ ದವಾಖಾನ್ಯಾಗ ಅದಾಳ. ಒಂದೀಟು ಭಂಡಾರ ಹಚ್ಚು."

ಹುಟ್ಟುವ ಕೂಸು ಏನು ಪಾಪ ಮಾಡಿದೆ ಎಂದುಕೊಂಡು ಅವಳು ಹಣೆ ತುಂಬ ಹಚ್ಚಿದಳು, ಮಗಳಿಗೂ ಒಂದು ಚಿಟಿಕೆ ಕಟ್ಟಿಕೊಟ್ಟಳು.

ಆರು ಹೊಡೆಯಿತು. ಅದೇ ಹಳದಿ ಹಣೆಯ ವೀರಪ್ಪ ಗಂಡಸರ ಕೋಣೆಯ ಬಾಗಿಲು ತೆರೆದು, "ಒಳಗ ನಡಿ..." ಎಂದವನು ಮುಂದೆ ಬಸ್ಯಾ ಅನ್ನಬೇಕೋ ಯವ್ವಾ ಅನ್ನಬೇಕೋ ತಿಳಿಯದೆ ಬಾಯಿ ಬಿಟ್ಟುಕೊಂಡು ನಿಂತ.

ಶಿವರಂಜನಿ ಹೊಸ್ತಿಲವರೆಗೆ ನಡೆದು ಅಲ್ಲೇ ಕೂತಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಜೈಲರ್ ಓಡಿ ಬಂದರು.

"ಎಂತ ಮಾರಾಯ್ತಿ ಇದು? ಬೀಗ ಹಾಕ್ಬೇಕು, ಏಳು."

"ಮಾರಾಯ್ತಿ ಅಂದ್ರಲ್ಲಾ ಸಾಹೇಬ್ರ, ಮತ್ತ ಗಂಡಸ್ರಾಗ ಯಾಕ ಹಾಕ್ತೀರಿ? ನಿಮ್ಮ ಸ್ಕೂಟರ್ ಹೊರಗ ತಗೀರಿ, ನನ್ನ ಕ್ವಾಣಿ ನನಗ ಕೊಡ್ರಿ. ಅಲ್ಲೀತನಕ ನನ್ನ ಮುಕಳಿ ಇಲ್ಲಿಂದ ಏಳಂಗಿಲ್ಲ, ನಿಮ್ಮ ಬಾಗಲಾ ಮುಚ್ಚಂಗಿಲ್ಲ."

ಒಳಗೆ ಕಚ್ಚಾಟ ನಿಂತುಹೋಯಿತು. ಇಪ್ಪತ್ತೆರಡು ಜನರಲ್ಲಿ ಒಬ್ಬನೂ ಈಗ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ತೆರೆದ ಬಾಗಿಲ ಮೇಲಿತ್ತು. ಮುಂದಿದ್ದವನು ಮೆಲ್ಲಗೆ ಎದ್ದು ಲುಂಗಿ ಎತ್ತಿ ಕಟ್ಟಿದ.