ಮೂರನೇ ವಿಷಯ

ಸಾಣೆ ಚಕ್ರದ ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ, ಇಳಿಯಲಿ, ಈಗ ಕೈ ಅಲ್ಲಾಡಿದರೆ ಕನ್ನಡಕದ ಗಾಜಿನ ಅಂಚು ಚಕ್ಕೆ ಏಳುತ್ತದೆ, ಮೈನಸ್ ನಾಲ್ಕು, ಎಡಗಣ್ಣಿನದು, ನಡುವೆ ತೆಳು, ಅಂಚಿನಲ್ಲಿ ದಪ್ಪ, ಯಾರ ಕಣ್ಣೋ ಏನೋ — ಗಂಟೆ ನಾಲ್ಕೂ ಹತ್ತು, ಐದಕ್ಕೆ ಮುಚ್ಚುತ್ತದೆ ಅಂದಿದ್ದಾಳೆ ಮಗಳು, ಅಂಗಡಿಯಲ್ಲ, ಅರ್ಜಿ. ಸಂಜೆ ಕಾಲೇಜಿನ ಪ್ರವೇಶ ಪರೀಕ್ಷೆಯ ಅರ್ಜಿ. ನನ್ನ ಹೆಸರು ತುಂಬಿದ್ದಾಳೆ, ಹುಟ್ಟಿದ ತಾರೀಖು ತುಂಬಿದ್ದಾಳೆ, ಭಾಷೆ ಮತ್ತು ಗಣಿತ ಎಲ್ಲರಿಗೂ ಕಡ್ಡಾಯ, ಮೂರನೇ ವಿಷಯದ ಜಾಗವೊಂದನ್ನು ಖಾಲಿ ಬಿಟ್ಟುಕೊಂಡು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಇತಿಹಾಸ ತಗೋ ಅಮ್ಮ, ಕೂತು ಓದಿದ್ರೆ ಬಂದೇ ಬರುತ್ತೆ, ಭೌತಶಾಸ್ತ್ರ ನೀನು ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತಲ್ಲ. ಹತ್ತೊಂಬತ್ತರ ಹುಡುಗಿ, ಕಾಲೇಜಿನ ಎರಡನೇ ವರ್ಷ, ನನಗೇ ಅಮ್ಮನ ಹಾಗೆ ಮಾತಾಡುತ್ತಾಳೆ. ಅವಳಪ್ಪ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಅಂದರು, ಯಾವುದಾದ್ರೂ ಬರಿ, ಫೇಲಾಗ್ಬೇಡ ಅಷ್ಟೇ, ಮಗಳ ಮುಂದೆ ಚೆನ್ನಾಗಿರಲ್ಲ. ಹೌದು, ಚೆನ್ನಾಗಿರುವುದಿಲ್ಲ. ಮೂವತ್ತೊಂಬತ್ತು ನನಗೆ, ಮುಂದಿನ ವರ್ಷ ವಯಸ್ಸಿನ ಮಿತಿ ದಾಟುತ್ತದೆ, ಇದೇ ಮೊದಲು, ಇದೇ ಕೊನೆ. ಇತಿಹಾಸವಾದರೆ ಪದವಿ ಸಿಗುತ್ತದೆ. ಭೌತಶಾಸ್ತ್ರವಾದರೆ — ಹಳೆಯ ಪ್ರಶ್ನೆಪತ್ರಿಕೆ ತಂದು ಒಲೆಯ ಪಕ್ಕ ಇಟ್ಟುಕೊಂಡು ಬರೆದು ನೋಡಿದೆನಲ್ಲ, ಬೆಳಕಿನ ಹತ್ತು ಪ್ರಶ್ನೆಯಲ್ಲಿ ಎಂಟು ಸರಿ, ವಿದ್ಯುತ್ತಿನ ಹತ್ತರಲ್ಲಿ ಎರಡು, ಆ ಎರಡೂ ಕಣ್ಣುಮುಚ್ಚಿ ಹಾಕಿದ್ದು, ಅನ್ನ ಬೇರೆ ತಳಹಿಡಿದಿತ್ತು.

ಮೈನಸ್ ನಾಲ್ಕು ಅಂದರೆ ಸಂಗಮದೂರ ಇಪ್ಪತ್ತೈದು ಸೆಂಟಿಮೀಟರ್, ಯಾರೂ ಕೇಳದಿದ್ದರೂ ನನಗೆ ಗೊತ್ತು. ಪುಸ್ತಕದಲ್ಲಿ ಮಸೂರ, ಅಂಗಡಿಯಲ್ಲಿ ಗಾಜು. ಹದಿನಾರು ವರ್ಷದಿಂದ ಗಾಜು ಉಜ್ಜುತ್ತಿದ್ದೇನೆ, ಬೆರಳಿಗೆ ಎಲ್ಲ ಗೊತ್ತು, ತಲೆಗೆ ಅರ್ಧ ಗೊತ್ತು, ಬೆಳಕು ಒಳಗೆ ಹೋಗಿ ಯಾಕೆ ಬಾಗುತ್ತದೆ ಅನ್ನುವ ಉಳಿದರ್ಧಕ್ಕೇ ಈ ಜೀವ ಆಸೆಪಡುವುದು, ಯಾರಿಗೆ ಹೇಳಲಿ, ಹೇಳಿದರೆ ನಗುತ್ತಾರೆ. ಅಂಗಡಿಯ ಯಜಮಾನರು ಆಗಲೇ ನಕ್ಕಾಯಿತು, ಕಾಲೇಜಿಗೆ ಹೋಗೋಕೆ ಮುಂಚೆ ನಿನ್ನ ಓದೋ ಕನ್ನಡಕ ಮಾಡ್ಕೋಮ್ಮ, ಪ್ರಶ್ನೆ ಕಾಣಿಸಬೇಕಲ್ಲ. ಮೇಷ್ಟ್ರು ನಗುತ್ತಿರಲಿಲ್ಲ. ನಮ್ಮ ಭೌತಶಾಸ್ತ್ರದ ಮೇಷ್ಟ್ರು, ಸೀಮೆಸುಣ್ಣದ ಪುಡಿ ಹತ್ತಿದ ಮೋಟು ಬೆರಳು, ಹುಡುಗಿಯರ ಪ್ರಶ್ನೆಗೂ ತಿರುಗಿ ನಿಂತು ಉತ್ತರ ಹೇಳುತ್ತಿದ್ದವರು. ಬೆಳಕಿಗೆ ಯಾವಾಗಲೂ ಅವಸರ ಕಣಮ್ಮ, ಗಾಜು ಸಿಕ್ಕರೆ ಮಾತ್ರ ಸ್ವಲ್ಪ ನಿಧಾನಿಸುತ್ತೆ. ಆ ಮಾತು ಕೇಳಿದ ದಿನ ಮನೆವರೆಗೂ ನಿಧಾನವಾಗಿ ನಡೆದಿದ್ದೆ, ನಾನೇ ಬೆಳಕು ಅನ್ನುವ ಹಾಗೆ.

ಆಮೇಲೆ ಅಮ್ಮನಿಗೆ ಅವಳಿ ಗಂಡುಮಕ್ಕಳು, ಹೆರಿಗೆಯಾಗಿ ಎದ್ದೇಳಲಾರದೆ ಮಲಗಿದಳು, ಪರೀಕ್ಷೆಗೆ ಒಂಬತ್ತು ದಿನ. ಒಂದು ವರ್ಷ ತಾನೇ, ಮುಂದಿನ ವರ್ಷ ಬರೆದರಾಯ್ತು, ಎಲ್ಲಿಗೆ ಓಡಿಹೋಗುತ್ತೆ ಪರೀಕ್ಷೆ ಅಂದಳು ದೊಡ್ಡಮ್ಮ. ಓಡಿಹೋಯಿತು. ಮುಂದಿನ ವರ್ಷ ಅನ್ನುವುದು ಮದುವೆಯಾಯಿತು, ಮಗಳಾದಳು, ಅಂಗಡಿಯಾಯಿತು. ತಮ್ಮಂದಿರು ಈಗ ನನಗಿಂತ ಒಂದು ಗೇಣು ಎತ್ತರ, ಅವರ ಮೇಲೆ ಕೋಪವಿಲ್ಲ, ಯಾರ ಮೇಲೂ ಇಲ್ಲ. ಪರೀಕ್ಷೆಯ ಹಿಂದಿನ ಸಂಜೆ ಮೇಷ್ಟ್ರು ಮನೆಗೇ ಬಂದರು, ಶಾಲೆಗೆ ಯಾಕೆ ಬರ್ತಿಲ್ಲ ಅವಳು. ಅಪ್ಪ ಅಂದರು, ಅವಳು ಊರಲ್ಲಿಲ್ಲ ಮೇಷ್ಟ್ರೇ, ಚಿಕ್ಕಮ್ಮನ ಮನೆಗೆ ಹೋಗಿದಾಳೆ. ಅಪ್ಪ ಕೆಟ್ಟವರಲ್ಲ, ಮುಖ ನೋಡಿ ಕಳಿಸಲ್ಲ ಅನ್ನುವ ಧೈರ್ಯ ಇರಲಿಲ್ಲ, ಅಷ್ಟೇ. ನಾನು ಕೋಣೆಯ ಬಾಗಿಲ ಪರದೆಯ ಹಿಂದೆ ನಿಂತು ಸಂದಿಯಲ್ಲಿ ನೋಡುತ್ತಿದ್ದೆ, ಹೆಗಲ ಮೇಲೆ ಮಗು, ಅಳದಿರಲಿ ಅಂತ ಬೆನ್ನು ತಟ್ಟುತ್ತಾ, ಒಂದು ಮಾತು, ಇಲ್ಲೇ ಇದ್ದೀನಿ ಸಾರ್ ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ಮೇಷ್ಟ್ರು ಅಂದರು, ಬಂದ ಮೇಲೆ ಹೇಳಿ, ಮಸೂರದ ಪ್ರಶ್ನೆ ಬಂದೇ ಬರುತ್ತೆ, ಅವಳಿಗೆ ಚೆನ್ನಾಗಿ ಬರುತ್ತೆ, ಯಾವಾಗ ಬರೆದರೂ ಬರುತ್ತೆ ಅಂತ ಹೇಳಿ. ಎಷ್ಟು ಜೋರಾಗಿ ಹೇಳಿದರು, ಅಪ್ಪನಿಗೆ ಕಿವಿ ಚೆನ್ನಾಗಿಯೇ ಇತ್ತು. ಆಮೇಲೆ ವರ್ಗವಾಗಿ ಹೋದರು. ಪರೀಕ್ಷೆ ಬಿಟ್ಟು ನೆಂಟರ ಮನೆಗೆ ಹೋದ ಹುಡುಗಿ ಅಂತಲೇ ತಿಳಿದು ಹೋದರಲ್ಲ, ಅದೊಂದು ಮುಳ್ಳು, ಇಷ್ಟು ವರ್ಷವೂ —

ಎಡಗಣ್ಣಿನ ಗಾಜು ಆಯ್ತೇನಮ್ಮ, ಅವರು ಕಾಯ್ತಿದಾರೆ, ಮುಂದಿನಿಂದ ಯಜಮಾನರು. ಆಯ್ತು ಸಾರ್, ಒಂದೇ ನಿಮಿಷ. ಗಾಜು ಒರೆಸಿ ಬೆಳಕಿಗೆ ಹಿಡಿದು ನೋಡುತ್ತೇನೆ, ಅಂಚು ನಯ. ನನ್ನ ಕೆಲಸದ ಮೂಲೆಗೂ ಅಂಗಡಿಗೂ ನಡುವೆ ಒಂದು ಪರದೆ, ನೆಲದಿಂದ ಒಂದು ಗೇಣು ಮೇಲಕ್ಕೆ ನಿಂತಿದೆ, ಅದರ ಕೆಳಗೆ ಗಿರಾಕಿಯ ಪಾದಗಳು ಕಾಣುತ್ತಿವೆ, ಕಂದು ಚಪ್ಪಲಿ, ಬಲಗಾಲ ಹೆಬ್ಬೆರಳು ನೆಲ ಕುಟ್ಟುತ್ತಿದೆ, ದಿನಕ್ಕೆ ಇಪ್ಪತ್ತು ಜನರನ್ನು ಹೀಗೇ ನೋಡುತ್ತೇನೆ, ಮುಖ ನೋಡುವುದೇ ಇಲ್ಲ, ಪಾದ ನೋಡಿಯೇ ಯಾರು ಅಂತ ಹೇಳಬಲ್ಲೆ, ಇವರು ಕಳೆದ ತಿಂಗಳೂ ಬಂದಿದ್ದರು — ಪಾದ ನೋಡಿಯೇ. ಅಪ್ಪನ ಮನೆಯ ಆ ಪರದೆಯೂ ಗಿಡ್ಡವಾಗಿತ್ತು. ಅಮ್ಮನ ಹಳೆಯ ಸೀರೆ, ಒಗೆದು ಒಗೆದು ಮುದುಡಿದ್ದು, ನೆಲ ಮುಟ್ಟುತ್ತಲೇ ಇರಲಿಲ್ಲ. ನೆಲ ತಣ್ಣಗಿದೆ ಅಂತ ನಾನು ಆ ಸಂಜೆ — ಫೋನು. ಏನಮ್ಮ, ಇನ್ನು ಅರ್ಧ ಗಂಟೆ ಇದೆ, ಇತಿಹಾಸ ತಾನೇ? ಭೌತಶಾಸ್ತ್ರ ಹಾಕು. ಯೋಚನೆ ಮಾಡಿದೀಯಾ ಅಮ್ಮ? ಮಾಡಿದೀನಿ. ವಿದ್ಯುತ್ತು ನೀನೇ ಹೇಳಿಕೊಡಬೇಕು ನನಗೆ. ಸರಿ, ಒತ್ತಿದೆ, ಹೋಯ್ತು ನೋಡು. ಹೋಯಿತು. ಯಜಮಾನರು ಮತ್ತೆ ಕೂಗುತ್ತಿದ್ದಾರೆ, ಕೈಯಲ್ಲಿ ಗಾಜು, ಎದ್ದು ಕೊಡಬೇಕು, ಏಳುತ್ತಿಲ್ಲ, ಜೋರಾಗಿ ಹೇಳಿದರಲ್ಲ ಮೇಷ್ಟ್ರು, ಪರದೆಯ ಕಡೆಗೇ ತಿರುಗಿ ಹೇಳಿದರಲ್ಲ, ತಲೆ ತಗ್ಗಿಸಿಕೊಂಡು ಹೇಳಿದರಲ್ಲ, ಕಂಡಿರಬೇಕು, ಕಂಡೇ ಇರಬೇಕು, ಪರದೆಯ ಕೆಳಗೆ ನನ್ನ ಎರಡು ಪಾದ, ಶಾಲೆಯ ನೀಲಿ ಕಾಲುಚೀಲದಲ್ಲಿ.