ಗೋಡೆಗೆ ಬೇಕಾದ ಮುಖ

"ತಲಿ ಮ್ಯಾಲಿನ ಸೆರಗ ತಗೀಬೇ ಹಾದರಗಿತ್ತಿ! ಪುಕ್ಕ ಎಲ್ಲಿ ಸಿಗಸ್ಲಿ, ನನ್ನ ಮುಕಳಿಗೇನ?"

ಮಲಕಾಜಪ್ಪ ಧಣಿಯ ಕೈಯಲ್ಲಿ ಕೋಳಿಪುಕ್ಕ ಹೊಲಿದ ಪಟ್ಟಿಯಿತ್ತು. ಮುಂಜಾನೆಯಿಂದ ಧಾಬಾದ ನೆಲ ತಿಕ್ಕಿದ ಸಾವಂತ್ರವ್ವ ಅದೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ಎದುರಿಗೆ ಕ್ಯಾಮೆರಾ ಹಿಡಿದು ನಿಂತವಳು ಅವಳ ಮಗಳೇ, ವಿಶಾಖಾ. ಬಿ.ಎ. ಮುಗಿಸಿ ವಿಜಯಪುರದ ಸ್ಟೇಷನ್ ರಸ್ತೆಯ ಸ್ಟುಡಿಯೋ ಸೇರಿದವಳು. ತಿಕೋಟಾ ರಸ್ತೆಯಲ್ಲಿ ಧಣಿ ತೆರೆದ ಈ ಹೊಸ ಧಾಬಾದ ಗೋಡೆಗೆ ಫೋಟೋಗಳನ್ನು ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿದ್ದೂ ಅವಳೇ.

ಅಮೆರಿಕದ ಮೂಲನಿವಾಸಿಗಳಾದ ಕೊಮಾಂಚಿ ಜನರ ಹಳೆಯ ಫೋಟೋಗಳು. ಕುದುರೆಯೇರಿ ಬಯಲೆಲ್ಲ ತಿರುಗಿದವರನ್ನು ಸರ್ಕಾರ ಗೆರೆ ಕೊರೆದು ಒಂದೆಡೆ ಕೂಡಿಹಾಕಿದ ಹೊಸತರಲ್ಲಿ ತೆಗೆದವು. ತಲೆಗೆ ಪುಕ್ಕ ಸಿಗಿಸಿಕೊಂಡು ಗುಡಾರದ ಮುಂದೆ ನಿಂತ ಸಂಸಾರ, ಸರ್ಕಾರ ಕೊಡುವ ಮಾಂಸಕ್ಕೆ ಕಾದ ಹೆಂಗಸರು. ಪ್ರಿಂಟ್ ತೆಗೆಯುವಾಗ ಆ ಕಣ್ಣುಗಳನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತ್ತು ವಿಶಾಖಾಳಿಗೆ. ಕಂಡದ್ದು ಮನೆಯಲ್ಲೇ.

"ಗಿರಾಕಿಗೋಳಿಗೆ ಕಾಡಮಂದಿ ಅಂದ್ರ ಭಾಳ ಖುಷಿ. ಇವರ ಸಾಲಿನಾಗ ನಮ್ಮ ಕಡೇದೂ ಒಂದ ಇರ್ಲಿ. ಮಾರಿ ಬಾಡಿಸ್ಕೊಂಡ ಕುಂಡ್ರು ಅನ್ನಲೇ ನಿಮ್ಮವ್ವಗ!"

"ಧಣ್ಯಾರ, ನಾ ಪರರ ಮುಂದ ತಲಿ ಮ್ಯಾಲಿನ ಸೆರಗ ಬಿಟ್ಟಾಕಿ ಅಲ್ರಿ. ಗಂಡ ಹೋದ ದಿನಾನೂ ಬಿಟ್ಟಿಲ್ರಿ."

"ಬಬಲೇಶ್ವರದಾಗ ಯಾರ ಹೊಲದಾಗ ಗುಡಸಲಾ ಹಾಕೀದಿ, ಮರತಿ? ಪುಕ್ಕ ಕಟಗೋತಿಯೋ, ಇವತ್ತ ಗಂಟ ಕಟ್ಟತೀಯೋ?"

ವಿಶಾಖಾ ಕ್ಯಾಮೆರಾದ ಲೆನ್ಸ್ ಒರೆಸತೊಡಗಿದಳು. ಧಣಿಗೆ ಎಂದೂ ಎದುರಾಡಿದವಳಲ್ಲ ಅವಳು.

ಸಾವಂತ್ರವ್ವನ ಕಣ್ಣು ಗೋಡೆಗೆ ಹೋಯಿತು. ಅಲ್ಲೊಂದು ಫೋಟೋದಲ್ಲಿ ಹೆಂಗಸೊಬ್ಬಳು ಹೊದ್ದ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

"ಈಕಿ ಮಾರಿ ಯಾಕ ಕಾಣವಲ್ದವಾ?"

"ಆಕಿ ತೋರಸಿಲ್ಲ ಬೇ."

"ಆದ್ರೂ ಗ್ವಾಡಿಗಿ ಹಾಕ್ಯಾರ?"

"ಹೂಂ ಬೇ. ಹಾಕ್ಯಾರ."

"ಹಂಗಾರ ನಂದೂ ಹಿಂಗ ಹಾಕ್ಕೊಳ್ಲಿ."

ಸಾವಂತ್ರವ್ವ ಸೆರಗನ್ನು ಗದ್ದದ ಕೆಳಗಿನವರೆಗೂ ಎಳೆದಳು. ಹಣೆ, ಕಣ್ಣು, ಬಾಯಿ ಏನೂ ಉಳಿಯಲಿಲ್ಲ. ಸವೆದ ಹಸಿರು ಸೀರೆ, ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಾದ ಬೆರಳು, ಅಷ್ಟೇ.

"ಈಗ ಫೋಟೋ ತಗೀವಾ, ಮಗಳ."

"ತಗದ್ರ ಕೈ ಮುರೀತೀನಿ ಬೋಸುಡಿ!"

ವಿಶಾಖಾ ಒತ್ತಿದಳು. ಫ್ಲ್ಯಾಶ್ ಹೊಡೆದ ಬೆಳಕಿಗೆ ಗೋಡೆಯ ಮೇಲಿನ ಗಾಜುಗಳೆಲ್ಲ ಒಮ್ಮೆಲೇ ಹೊಳೆದವು.

ಧಣಿ ಪುಕ್ಕದ ಪಟ್ಟಿ ಬಿಸಾಕಿ ಸಾವಂತ್ರವ್ವನ ಸೆರಗಿಗೆ ಕೈ ಹಾಕಿ ಜಗ್ಗಿದ. ಸೆರಗು ಬರಲಿಲ್ಲ, ಒಳಗಿನಿಂದ ಅವಳು ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.

ವಿಶಾಖಾ ಒಂದು ಹೆಜ್ಜೆ ಹಿಂದೆ ಸರಿದಳು. ಅವ್ವನ ಜೊತೆಗೆ ಆ ಕೈಯೂ, ಉಂಗುರವೂ, ಅವನ ಮುಖವೂ ಪೂರ್ತಿ ಬರುವಂತೆ ನೋಡಿಕೊಂಡು ಮತ್ತೆ ಒತ್ತಿದಳು.