ಗಂಡನ ಒಪ್ಪಿಗೆ
ಗರ್ಭ ತೆಗೆಸುವ ಸೌಲಭ್ಯ ಹೆಂಗಸರಿಗೆ ಸಿಗುತ್ತದೋ ಇಲ್ಲವೋ ಎಂದು ಅಧ್ಯಯನ ಮಾಡುವ ಹುಡುಗಿಯೊಬ್ಬಳು ತಳಕಲ್ಲಿನ ನಮ್ಮ ಮನೆಗೆ ಬಂದಳು. ಮಗಳು ಮಲ್ಲೇಶ್ವರಿ ತನ್ನ ನಾಲ್ಕನೇ ಹೆಣ್ಣುಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು.

"ಈ ಕೂಸಿನ ಬಸುರಿದ್ದಾಗ ತೆಗಸಾಕ ದವಾಖಾನಿಗೆ ಹೋಗಿದ್ರೇನ್ರಿ?" ಎಂದು ಹುಡುಗಿ ಅವಳನ್ನು ಕೇಳಿದಳು.

"ಎರಡು ತಿಂಗಳಿದ್ದಾಗ ಹೋಗಿದ್ವಿ," ಎಂದೆ ನಾನು. "ಗಂಡನ್ನ ಕರ್ಕೊಂಡ್ ಬರ್ರಿ ಅಂದ್ರು. ಅಳಿಯ ಬರಲಿಲ್ಲ. ಗಂಡು ಕೊಡವ್ವಾ ಅಂತ ಹುಲಿಗೆಮ್ಮಗ ಹರಕಿ ಹೊತ್ತೀನಿ ಅಂದ."

ಹುಡುಗಿ ಮಗಳ ಕಡೆ ಕೈ ತೋರಿಸಿ ಹೇಳಿದಳು. "ಗಂಡನ ಒಪ್ಪಿಗಿ ಬೇಕಾಗಿರಲಿಲ್ರಿ. ಕಾನೂನಿನ್ಯಾಗ ಇವರೊಬ್ಬರ ಮಾತು ಸಾಕು."

ಮಗಳು ನನ್ನ ಮುಖ ನೋಡಿದಳು. ನನಗೂ ಅದು ಗೊತ್ತಿರಲಿಲ್ಲ.

"ಹಂಗಾದ್ರ ಈ ಕೂಸು ನಿಮಗ ಬ್ಯಾಡಾಗಿತ್ತೇನ್ರಿ?"

ಮಲ್ಲೇಶ್ವರಿ ಕೂಸಿನ ಎರಡೂ ಕಿವಿಗಳನ್ನು ಅಂಗೈಗಳಿಂದ ಮುಚ್ಚಿದಳು.

"ಹೌದ್ರಿ," ಎಂದಳು.